ಹೆಚ್ಚಿಗೆ ಇರಲಿ ಎಂದು ಇಟ್ಟ ಕಂಟ್ರೋಲರ್

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಪುಟ್ಟ ರೈಲು ಓಡುತ್ತದೆ. ಚಾಮರಾಜಪೇಟೆಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಆ ಕೋಣೆಯ ತುಂಬ ಅಕ್ಕಿ ಮೂಟೆ ಇರುತ್ತಿದ್ದವು. ನಮ್ಮ ಯಜಮಾನರ ಮನೆತನದವರದು ಅಕ್ಕಿಪೇಟೆಯಲ್ಲಿ ಅಂಗಡಿ. ಮೂಟೆಗಳು ಹೋಗಿ ಬಹಳ ವರ್ಷವಾಯಿತು. ಈಗ ಅಲ್ಲಿ ಗೋಡೆಯಿಂದ ಗೋಡೆಗೆ ಹಲಗೆ ಹಾಸಿದ ಮೇಜು, ಅದರ ಮೇಲೆ ಹೆಬ್ಬೆರಳಗಲದ ಹಳಿ, ಒಂದು ಸುರಂಗ, ಎರಡು ನಿಲ್ದಾಣ. ಸರ್ಕಾರಿ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತಳಾದ ಹೆಂಗಸಿಗೆ ರೈಲಿನ ಹುಚ್ಚು ಯಾಕೆ ಎಂದು ಕೇಳಿದವರಿಗೆ ನಾನು ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಸರಿಯಾದ ಉತ್ತರ ನನಗೂ ಗೊತ್ತಿಲ್ಲ. ನೋಡುತ್ತ ಕೂತರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ, ಅಷ್ಟೆ.

ರೈಲು ಓಡಬೇಕಾದರೆ ಕಂಟ್ರೋಲರ್ ಬೇಕು. ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ ಅದು. ಅದರಿಂದ ಗೋಡೆಯ ಪ್ಲಗ್ಗಿಗೆ ಒಂದು ವೈರು, ಹಳಿಗೆ ಎರಡು ಸಣ್ಣ ವೈರು. ಮೇಲೆ ಒಂದು ದಪ್ಪ ತಿರುಗುಗುಂಡಿ. ಬಲಕ್ಕೆ ತಿರುಗಿಸಿದರೆ ರೈಲು ಮುಂದೆ ಹೋಗುತ್ತದೆ, ಎಡಕ್ಕೆ ತಿರುಗಿಸಿದರೆ ಹಿಂದೆ, ನಡುವಿಗೆ ತಂದರೆ ನಿಲ್ಲುತ್ತದೆ. ನನ್ನ ಹತ್ತಿರ ಇರುವ ಮಾದರಿಯಲ್ಲಿ ಗುಂಡಿ ನಡುವಿಗೆ ಬಂದಾಗ ಬೆರಳಿಗೆ ಟಕ್ ಎಂದು ತಿಳಿಯುತ್ತದೆ. ಕಣ್ಣು ಮುಚ್ಚಿಕೊಂಡೂ ನಿಲ್ಲಿಸಬಹುದು.

ನನ್ನ ಮೊದಲ ಕಂಟ್ರೋಲರ್ ಒಂದು ಮಳೆಗಾಲದಲ್ಲಿ, ಹೋಗಿದ್ದ ಕರೆಂಟು ದಿಢೀರೆಂದು ಬಂದ ಹೊಡೆತಕ್ಕೆ ಸುಟ್ಟುಹೋಯಿತು. ಇನ್ನೊಂದು ತರಿಸಿಕೊಳ್ಳೋಣವೆಂದರೆ ತಯಾರಿಸುವವರು ಆ ಮಾದರಿಯನ್ನೇ ನಿಲ್ಲಿಸಿದ್ದರು. ತಿಂಗಳುಗಟ್ಟಲೆ ರೈಲು ನಿಂತಲ್ಲೇ ನಿಂತಿತು. ಬೋಗಿಗಳ ಮೇಲೆ ಧೂಳು ಕೂತಿತು. ಆಮೇಲೆ ಬೇರೆ ಬೇರೆ ಊರಿನ ಹವ್ಯಾಸಿಗಳ ಬೆನ್ನು ಹತ್ತಿ, ಅವರು ಬಳಸಿ ಬಿಟ್ಟಿದ್ದ ಮೂರು ಕಂಟ್ರೋಲರ್ ಸಂಪಾದಿಸಿದೆ. ಒಂದನ್ನು ಜೋಡಿಸಿದೆ, ಎರಡನ್ನು ಎತ್ತಿಟ್ಟೆ.

ಎತ್ತಿಟ್ಟರೆ ಕೆಲಸ ಮುಗಿಯಿತು ಅಂತಲ್ಲ. ಕರೆಂಟಿನ ಸಾಮಾನನ್ನು ಸುಮ್ಮನೆ ಇಟ್ಟರೆ ಅದು ಒಳಗೊಳಗೇ ಕೆಡುತ್ತದೆ. ಹಳೆಯ ಕಾಟನ್ ಸೀರೆ ಹರಿದು ಸುತ್ತಿದೆ. ಮಾತ್ರೆ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಪುಡಿಯ ಸಣ್ಣ ಪೊಟ್ಟಣಗಳನ್ನು ಕೂಡಿಸಿ ಜೊತೆಗೆ ಹಾಕಿದೆ. ಆಗಾಗ ಹೊರಗೆ ತೆಗೆದು, ಪ್ಲಗ್ಗಿಗೆ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಮೈ ಬಿಸಿಯಾಗಿದೆಯೇ ಎಂದು ಅಂಗೈ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದೆ. ಜ್ವರ ನೋಡಿದ ಹಾಗೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡಿ, ಅಂಗಡಿಯವರ ಮನೆಗೆ ತಕ್ಕ ಸೊಸೆ, ಸ್ಟಾಕು ಖಾಲಿಯಾಗೋಕೆ ಬಿಡೋದಿಲ್ಲ ಎಂದು ನಗುತ್ತಿದ್ದರು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಎಸ್.ಪಿ. ರಸ್ತೆಯಲ್ಲಿ ನಾನು ವೈರು, ಸ್ವಿಚ್ಚು ಕೊಳ್ಳುವ ಅಂಗಡಿಯವರು ನನ್ನ ನಂಬರು ಕೊಟ್ಟಿದ್ದರಂತೆ. ಮಾತಾಡಿದವರು ಮಲ್ಲೇಶ್ವರದವರು. ತಮ್ಮ ಮನೆಯ ಕಂಟ್ರೋಲರ್ ಕೆಟ್ಟಿದೆ, ರಿಪೇರಿಯವರು ಆಗುವುದಿಲ್ಲ ಎಂದರು, ಅದೇ ಮಾದರಿಯದು ನಿಮ್ಮ ಹತ್ತಿರ ಇದೆಯಂತೆ, ಒಮ್ಮೆ ಬಂದು ತೋರಿಸಲೇ ಎಂದು ಕೇಳಿದರು. ಧ್ವನಿಯಲ್ಲಿ ಅವಸರವಿರಲಿಲ್ಲ, ಆದರೆ ತುಂಬ ದಣಿವಿತ್ತು. ನಾಳೆ ಬನ್ನಿ ಎಂದೆ.

ಮರುದಿನ ಬಂದರು. ನನ್ನ ವಯಸ್ಸಿನವರೇ. ಸಣಕಲು ಮೈ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ಚೀಲದಿಂದ ಕಂಟ್ರೋಲರನ್ನು ತೆಗೆದು ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟರು. ಕಾಲೇಜೊಂದರ ಕಚೇರಿಯಲ್ಲಿ ಕೆಲಸದಲ್ಲಿದ್ದವರು, ತಮ್ಮನನ್ನು ನೋಡಿಕೊಳ್ಳುವುದಕ್ಕೆಂದು ಬೇಗ ಬಿಟ್ಟರಂತೆ. ಮದುವೆಯಾಗಿರಲಿಲ್ಲ. ತಮ್ಮನಿಗೆ ಐವತ್ತರ ಹತ್ತಿರ, ಆದರೆ ಬುದ್ಧಿ ಚಿಕ್ಕ ವಯಸ್ಸಿನಲ್ಲೇ ನಿಂತುಬಿಟ್ಟಿತ್ತು. ಓದು ಬರಹ ಇಲ್ಲ, ಮಾತು ಬಹಳ ಕಡಿಮೆ. ಅವರ ತಾಯಿ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ದೇಶ ಬಿಟ್ಟು ಹೊರಟಿದ್ದ ಒಬ್ಬ ವೈದ್ಯರು ಕೊಟ್ಟುಹೋದ ರೈಲಿನ ಪೆಟ್ಟಿಗೆಯನ್ನು ಆ ತಾಯಿ ಮನೆಗೆ ತಂದು, ಮಗನ ಕೈ ಹಿಡಿದು ಗುಂಡಿ ತಿರುಗಿಸುವುದನ್ನು ಕಲಿಸಿದ್ದರು. ತಾಯಿ ತೀರಿಕೊಂಡ ಮೇಲೂ ಅವನು ಸಂಜೆ ದೀಪ ಹಚ್ಚಿದ ಮೇಲೆ ರೈಲು ಓಡಿಸುವುದನ್ನು ಬಿಟ್ಟಿರಲಿಲ್ಲ. ಓಡಿಸಿದ ಮೇಲೆ ಊಟ, ಊಟವಾದ ಮೇಲೆ ನಿದ್ದೆ.

ಇದನ್ನೆಲ್ಲ ಹೇಳಿ ಅವರು ಮೇಜಿನ ಮೇಲಿನ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು. ಆಮೇಲೆ ಅಂದರು: “ಹೊಸದು ತಂದ್ಕೊಟ್ಟೆ ಮೇಡಂ. ಬಟನ್ ಒತ್ತೋದು. ಪಕ್ಕಕ್ಕೆ ಸರಿಸಿಬಿಟ್ಟ. ಕೋಪ ಏನೂ ಮಾಡ್ಕೊಳ್ಳಲಿಲ್ಲ. ಕೆಟ್ಟಿರೋ ಇದನ್ನೇ ಹಿಡ್ಕೊಂಡು ಕೂರ್ತಾನೆ. ಊಟ ಸೇರ್ತಾ ಇಲ್ಲ.”

ನನ್ನ ಹತ್ತಿರ ಇರುವುದನ್ನು ಕೊಟ್ಟುಬಿಡಿ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ನಾನೂ ಕೊಡುತ್ತೇನೆ ಎನ್ನಲಿಲ್ಲ. ಬಿಚ್ಚಿ ನೋಡುತ್ತೇನೆ, ಸರಿ ಮಾಡಲಾದರೆ ಮಾಡುತ್ತೇನೆ ಎಂದು ಹೇಳಿ ಇಟ್ಟುಕೊಂಡೆ.

ಬಿಚ್ಚಿದರೆ ಒಳಗೆಲ್ಲ ಸುಟ್ಟ ವಾಸನೆ. ಟ್ರಾನ್ಸ್‌ಫಾರ್ಮರ್ ಕರಗಿ ಅಂಟಿಕೊಂಡಿತ್ತು, ಗುಂಡಿಯ ಕೆಳಗಿನ ಭಾಗವೂ ಬಿರುಕು ಬಿಟ್ಟಿತ್ತು. ಒಂದು ವಾರ ಕೂತು, ಹಳೆಯ ಡಬ್ಬಿಯೊಳಗೆ ಹೊಸ ಭಾಗಗಳನ್ನು ಕೂರಿಸಿದೆ. ಹೊರಗಿನಿಂದ ನೋಡಿದರೆ ಅದೇ ಕಪ್ಪು ಪೆಟ್ಟಿಗೆ, ಅದೇ ಗುಂಡಿ. ನನ್ನ ಮೇಜಿನ ಮೇಲೆ ಓಡಿಸಿ ನೋಡಿದೆ. ನನ್ನದಕ್ಕಿಂತ ನಯವಾಗಿ ಓಡಿತು. ಕೆ.ಆರ್. ಮಾರ್ಕೆಟ್ಟಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ ದಾಟಿ ಸಂಪಿಗೆ ರಸ್ತೆಯಲ್ಲಿ ಇಳಿದು ಅವರ ಮನೆಗೆ ಹೋದೆ.

ದೊಡ್ಡ ಹಳೆಯ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಗೆ ಇದ್ದರು. ಎರಡು ಕೋಣೆ, ಅಡುಗೆಮನೆ, ಮುಂದೆ ಕಲ್ಲಿನ ಜಗಲಿ. ತಮ್ಮ ನನ್ನನ್ನು ನೋಡಿ ಎದ್ದು ನಿಂತ. ದಪ್ಪ ದೇಹ, ಸಣ್ಣಗೆ ಕತ್ತರಿಸಿದ ನರೆಗೂದಲು, ಮಡಿಕೆ ನಿಂತ ಶುಭ್ರವಾದ ಪೈಜಾಮ. ಅಣ್ಣನ ಬಾಯಲ್ಲಿ ಅವನು ಮರಿ. ನನ್ನ ಬಾಯಲ್ಲೂ ಬಹುವಚನ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಳೆಯ ಬಾಗಿಲಿನ ಹಲಗೆಯೊಂದನ್ನು ಮಲಗಿಸಿ ಅದರ ಮೇಲೆ ಹಳಿ ಜೋಡಿಸಿದ್ದರು. ಬಿಸ್ಕತ್ತಿನ ರಟ್ಟಿನಿಂದ ಅವರ ತಾಯಿ ಮಾಡಿದ ನಿಲ್ದಾಣಕ್ಕೆ ಬಣ್ಣ ಮಾಸಿತ್ತು. ಅಂಚುಗಳಿಗೆ ಪದೇ ಪದೇ ಅಂಟು ಹಾಕಿದ ಗುರುತಿತ್ತು.

ವೈರು ಸಿಕ್ಕಿಸಿ ಪೆಟ್ಟಿಗೆಯನ್ನು ಅವನ ಮುಂದಿಟ್ಟೆ. ಅವನು ಕೂತು, ಅಂಗೈ ಪೈಜಾಮಕ್ಕೆ ಒರೆಸಿಕೊಂಡು, ಗುಂಡಿ ತಿರುಗಿಸಿದ. ರೈಲು ಹೊರಟಿತು. ಅಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಒಂದು ಸುತ್ತು ಬಂದು ನಿಲ್ದಾಣದ ಹತ್ತಿರ ಅವನು ಗುಂಡಿಯನ್ನು ನಡುವಿಗೆ ತಂದ. ರೈಲು ಸ್ವಲ್ಪ ಮುಂದೆ ಹೋಗಿ ನಿಂತಿತು. ಮತ್ತೆ ಓಡಿಸಿದ, ಮತ್ತೆ ತಂದ. ಈ ಸಲ ಸ್ವಲ್ಪ ಹಿಂದೆಯೇ ನಿಂತಿತು. ಅವನು ಗುಂಡಿಯನ್ನು ಅತ್ತಿತ್ತ ಆಡಿಸುತ್ತ ಕಿವಿಗೊಟ್ಟು ಕೂತ. ಆಮೇಲೆ ನನ್ನ ಮಣಿಕಟ್ಟು ಹಿಡಿದು, ನನ್ನ ಬೆರಳುಗಳನ್ನು ಗುಂಡಿಯ ಮೇಲಿಟ್ಟು, ತನ್ನ ಕೈಯಿಂದಲೇ ಮೆಲ್ಲಗೆ ತಿರುಗಿಸಿ ನನ್ನ ಮುಖ ನೋಡಿದ.

ಆಗ ನನಗೆ ಗೊತ್ತಾಯಿತು. ಟಕ್ ಎಂಬುದು ಇರಲಿಲ್ಲ. ನಾನು ಹಾಕಿದ ಹೊಸ ಭಾಗಕ್ಕೆ ಆ ಗುಣ ಇಲ್ಲ. ಎಲ್ಲಿ ನಿಲ್ಲಬೇಕೆಂದು ಅವನ ತಾಯಿ ಅವನ ಬೆರಳಿಗೆ ಕಲಿಸಿದ್ದು ಅದರಿಂದಲೇ ಇರಬೇಕು. ಅವನು ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ನನಗೆ ವಾಪಸ್ಸು ಕೊಟ್ಟು, “ಬೇಡ” ಎಂದ. ಅಣ್ಣನಿಗೆ ಮುಖ ಎತ್ತಲಾಗಲಿಲ್ಲ. ನೀವು ಇಷ್ಟು ಕಷ್ಟಪಟ್ಟಿರಿ, ಅವನಿಗೆ ತಿಳಿಯೋದಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಅವನಿಗೆ ತಿಳಿದಿದೆ, ನನಗೇ ತಿಳಿದಿರಲಿಲ್ಲ ಎಂದೆ.

ಮನೆಗೆ ಬಂದು ಎತ್ತಿಟ್ಟಿದ್ದ ಎರಡನ್ನೂ ಹೊರತೆಗೆದೆ. ಒಂದು ಪ್ಲಗ್ಗಿಗೆ ಹಾಕಿದ ಕೂಡಲೇ ಗುಂಯ್ ಎಂದಿತು, ಸ್ವಲ್ಪ ಹೊತ್ತಿಗೆ ಮುಟ್ಟಲಾರದಷ್ಟು ಬಿಸಿಯಾಯಿತು. ಎಷ್ಟು ಜೋಪಾನ ಮಾಡಿದರೂ ಅದು ಕೆಟ್ಟಿತ್ತು, ಗುಂಡಿಯ ಟಕ್ ಕೂಡ ಸವೆದುಹೋಗಿತ್ತು. ಉಳಿದದ್ದು ಒಂದೇ. ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನನ್ನ ಆಸೆಯೇನೂ ಚಿಕ್ಕದಲ್ಲ. ಆ ಕೋಣೆಯ ಬಾಗಿಲು ಹಾಕಿಕೊಂಡಾಗ ಸಿಗುವ ಸಮಾಧಾನ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಇದನ್ನು ಕೊಟ್ಟ ಮೇಲೆ ನನ್ನದು ಸುಟ್ಟರೆ ಟಕ್ ಎನ್ನುವಂಥದು ಮತ್ತೆ ಸಿಗುವುದು ಸುಲಭವಲ್ಲ ಎಂದೂ ಗೊತ್ತಿತ್ತು.

ಯಜಮಾನರು ಅಂಗಡಿಯಿಂದ ಬಂದವರು ಎಲ್ಲವನ್ನೂ ಕೇಳಿಸಿಕೊಂಡರು. ಕೊಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕಾಲು ತೊಳೆದುಕೊಂಡು ಬಂದು ಒಂದೇ ಮಾತು ಕೇಳಿದರು.

“ನಿನ್ನ ರೈಲು ನಿಂತ್ರೆ ನೀನು ಊಟ ಬಿಡ್ತೀಯಾ?”

“ಬಿಡಲ್ಲ.”

“ಸರಿ ಹಾಗಾದ್ರೆ” ಎಂದು ದೇವರ ಕೋಣೆಗೆ ಹೋದರು.

ಮರುದಿನ ಮತ್ತೆ ಮಲ್ಲೇಶ್ವರಕ್ಕೆ ಹೋದೆ. ಈ ಸಲ ಅವನು ಎದ್ದು ನಿಲ್ಲಲಿಲ್ಲ. ಮೂಲೆಯಲ್ಲಿ ಮಂಡಿ ಮಡಚಿಕೊಂಡು ಕೂತಿದ್ದ. ಮುಖ ಇಳಿದಿತ್ತು. ನಾನು ವೈರು ಜೋಡಿಸಿ, ಅವನನ್ನು ಕರೆಯದೆ, ಗುಂಡಿಯನ್ನು ಒಂದು ಸಲ ನಾನೇ ಅತ್ತಿತ್ತ ತಿರುಗಿಸಿದೆ. ಟಕ್ ಎಂದಿತು. ಆ ಸಣ್ಣ ಸದ್ದಿಗೆ ಅವನು ತಲೆ ಎತ್ತಿದ. ಬಂದು ಕೂತು ಕೈ ಇಟ್ಟ. ರೈಲು ಓಡಿ ಸರಿಯಾಗಿ ತಾಯಿಯ ನಿಲ್ದಾಣದ ಮುಂದೆ ನಿಂತಿತು. ಅವನು ಸಾಕಷ್ಟು ಸುತ್ತು ಓಡಿಸಿದ ಮೇಲೆ ಸ್ವಿಚ್ಚು ಆರಿಸಿ, ಕೈ ತೊಳೆದುಕೊಂಡು ಬಂದು ತಟ್ಟೆ ಹಾಕಿಕೊಂಡ. ಅಣ್ಣ ಅನ್ನ ಬಡಿಸುವುದಕ್ಕೆ ಅಡುಗೆಮನೆಗೆ ಹೋದವರು ಬೇಗ ಹೊರಗೆ ಬರಲಿಲ್ಲ. ನಾನು ಇಣುಕಿ ನೋಡಿದಾಗ ಗೋಡೆಗೆ ಹಣೆ ಆನಿಸಿ ನಿಂತಿದ್ದರು. ನಾನೇ ಪಾತ್ರೆ ತೆಗೆದುಕೊಂಡು ಹೋಗಿ ಬಡಿಸಿದೆ.

ಅಲ್ಲಿಂದ ನಾನು ಆಗಾಗ ಆ ಮನೆಗೆ ಹೋಗಿ ಬರತೊಡಗಿದೆ. ಕಂಟ್ರೋಲರ್ ಬಿಸಿಯಾಗುತ್ತಿದೆಯೇ ನೋಡುವುದು, ಹಳಿ ಒರೆಸುವುದು, ಇಂಜಿನ್ನಿಗೆ ಒಂದು ಹನಿ ಎಣ್ಣೆ ಬಿಡುವುದು. ಕರೆಂಟಿನ ಏರಿಳಿತ ತಡೆಯುವ ಸಣ್ಣ ಪೆಟ್ಟಿಗೆಯೊಂದನ್ನು ಪ್ಲಗ್ಗಿನ ಹತ್ತಿರ ಹಾಕಿಸಿದೆ. ಕೆಲಸ ಮುಗಿದ ಮೇಲೆ ಅಣ್ಣನೂ ನಾನೂ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆವು. ಒಳಗೆ ರೈಲಿನ ಸದ್ದು ಕೇಳುತ್ತಿತ್ತು. ಮೇಡಂ ಎನ್ನುತ್ತಿದ್ದವರು ಯಾವಾಗಲೋ ಅಕ್ಕ ಎನ್ನತೊಡಗಿದರು. ಅವರು ನನಗಿಂತ ಸ್ವಲ್ಪ ದೊಡ್ಡವರೇ ಇದ್ದರೂ ಇರಬಹುದು. ಇಬ್ಬರೂ ವಿಚಾರಿಸಲಿಲ್ಲ.

ಒಂದು ವರ್ಷ ಕಳೆದಿರಬೇಕು. ಅವರು ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುವುದನ್ನು ಗಮನಿಸಿದೆ. ಪಾದ ಊದಿಕೊಂಡಿರುತ್ತಿತ್ತು. ಕೇಳಿದರೆ ವಯಸ್ಸು ಎನ್ನುತ್ತಿದ್ದರು. ಕೊನೆಗೆ ಒಂದು ಸಂಜೆ ತಾವಾಗಿಯೇ ಹೇಳಿದರು. ಹೃದಯ ದೊಡ್ಡದಾಗಿದೆ, ಬಲ ಕಡಿಮೆಯಾಗುತ್ತಿದೆ, ಔಷಧಿಯಿಂದ ಸ್ವಲ್ಪ ಕಾಲ ದೂಡಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರಂತೆ. ಹೇಳಿ, ಕಾಫಿ ಲೋಟ ಕೆಳಗಿಟ್ಟು, ಒಳಗಿನ ಸದ್ದು ಕೇಳುತ್ತ ಕೂತರು.

“ಅದು ಕೆಟ್ಟೋದ್ರೆ ಅಂತ ನೀವು ಇನ್ನೊಂದು ಇಟ್ಕೊಂಡಿದ್ರಿ, ಅವನಿಗಾಯ್ತು. ನಾನು ಹೋದ್ರೆ ಅವನು ಯಾರ ಕೈಲಿ ಊಟ ಮಾಡ್ತಾನೆ ಅಕ್ಕಾ?”

ಅವರು ಉತ್ತರಕ್ಕಾಗಿ ಕೇಳಿರಲಿಲ್ಲ. ಆಗಲೇ ಯೋಚನೆ ಮಾಡಿದ್ದರು. ತೀರಿಕೊಂಡ ತಂಗಿಯ ಮಗಳು ಬಸವನಗುಡಿಯಲ್ಲಿದ್ದಳು. ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವಳನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ಮಾತಾಡಿದ್ದರು. ಇಬ್ಬರೂ ಒಪ್ಪಿದ್ದರು. ತೊಂದರೆ ಇದ್ದದ್ದು ಒಂದೇ. ತಾಯಿ ಹೋದ ಮೇಲೆ ತಮ್ಮ ಒಂದು ರಾತ್ರಿಯೂ ಅಣ್ಣನನ್ನು ಬಿಟ್ಟು ಇದ್ದವನಲ್ಲ. ಅಣ್ಣ ಅಂಗಡಿಗೆ ಹೋದರೂ ಜೊತೆಗೆ ಹೋಗುತ್ತಿದ್ದ. ನಮ್ಮ ಮನೆಗೆ ಅವರು ಒಬ್ಬರೇ ಬಂದದ್ದು ಅವನು ಮಲಗಿದ್ದ ಹೊತ್ತು ನೋಡಿಕೊಂಡಂತೆ. ಆದ್ದರಿಂದ ಈಗಿನಿಂದಲೇ ಅಭ್ಯಾಸ ಮಾಡಿಸಬೇಕು ಎಂಬುದು ಅವರ ಲೆಕ್ಕ. ರೈಲು ಓಡುವ ಹೊತ್ತಿನಲ್ಲಿ ಅವನ ಗಮನ ಅಲ್ಲಿರುತ್ತದೆ. ಆಗ ನಾನು ಅಥವಾ ಆ ಹುಡುಗಿ ಪಕ್ಕದಲ್ಲಿ ಕೂರುವುದು, ಅಣ್ಣ ಸ್ವಲ್ಪ ಸ್ವಲ್ಪವೇ ದೂರ ಹೋಗುವುದು.

ಹಾಗೇ ಮಾಡಿದೆವು. ಮೊದಲ ದಿನ ಅಣ್ಣ ಬಾಗಿಲಲ್ಲಿ ನಿಂತು, “ಮರಿ, ಹೋಗ್ಬರ್ತೀನಿ” ಎಂದು ಹೇಳಿ ಗೇಟಿನವರೆಗೆ ಹೋದರು. ತಮ್ಮ ಗುಂಡಿ ಬಿಟ್ಟು ಹಿಂದೆಯೇ ಓಡಿದ. ಕೆಲವು ದಿನಗಳ ಮೇಲೆ ಓಡಲಿಲ್ಲ, ತಿರುಗಿ ನೋಡಿದ. ಆಮೇಲೆ ಮೂಲೆಯ ಅಂಗಡಿ, ಆಮೇಲೆ ಮಾರ್ಕೆಟ್ಟು. ಪ್ರತಿ ಸಲವೂ ಹೋಗುವಾಗ ಅದೇ ಮಾತು, ಬಂದ ಮೇಲೆ ತಮ್ಮನ ಹೆಗಲು ಮುಟ್ಟಿ “ಬಂದೆ ನೋಡು” ಎನ್ನುವುದು. ಒಂದು ಸಂಜೆ ಅಣ್ಣ ಇಲ್ಲದಾಗಲೇ ಅವನು ರೈಲು ನಿಲ್ಲಿಸಿ, ಕೈ ತೊಳೆದುಕೊಂಡು, ಸೋದರ ಸೊಸೆ ಬಡಿಸಿದ ಅನ್ನ ಉಂಡ. ಗೇಟಿನ ಹೊರಗೆ ಕತ್ತಲಲ್ಲಿ ನಿಂತಿದ್ದ ಅಣ್ಣನಿಗೆ ನಾನು ಹೋಗಿ ಹೇಳಿದೆ. ಅವರು ಸಂತೋಷಪಡುತ್ತಾರೆಂದುಕೊಂಡಿದ್ದೆ. ಸಂತೋಷಪಟ್ಟರು ಕೂಡ. ಆದರೆ ಅಲ್ಲೇ ಗೋಡೆ ಹಿಡಿದುಕೊಂಡು ಬಹಳ ಹೊತ್ತು ನಿಂತರು. ನಾನಿಲ್ಲದೆಯೂ ಉಣ್ಣುತ್ತಾನೆ ಎಂಬುದನ್ನು ಕೇಳಿಸಿಕೊಳ್ಳುವುದಕ್ಕೆ ಅಷ್ಟು ತಯಾರಾಗಿದ್ದ ಮನುಷ್ಯನಿಗೂ ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಗೆ ಒಂದು ಇಡೀ ರಾತ್ರಿ. ಅಣ್ಣ ಸ್ನೇಹಿತರೊಬ್ಬರ ಮನೆಯಲ್ಲಿ ಮಲಗಿದರು. ತಮ್ಮ ನಿದ್ದೆ ಮಾಡಿದನೆಂದು ಬೆಳಗ್ಗೆ ಆ ಹುಡುಗಿ ನನಗೆ ಫೋನು ಮಾಡಿ ಹೇಳಿದಳು. ನಾವು ಮೂವರೂ ಗೆದ್ದೆವೆಂದೇ ಅಂದುಕೊಂಡೆವು.

ಆಸ್ಪತ್ರೆಗೆ ಹೋಗಬೇಕಾಗಿ ಬಂದ ದಿನ ನಾನು ಅಲ್ಲೇ ಇದ್ದೆ. ಅಣ್ಣನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಟೋ ಬಂದು ನಿಂತಿತ್ತು, ಹುಡುಗಿಯ ಗಂಡ ಅವರ ತೋಳು ಹಿಡಿದಿದ್ದ. ಅವರು ಬಾಗಿಲಲ್ಲಿ ತಿರುಗಿ ನಿಂತರು. ತಮ್ಮ ರೈಲಿನ ಮುಂದೆ ಕೂತಿದ್ದ. ಅಣ್ಣ ಏನು ಹೇಳಬೇಕೆಂದು ಯೋಚಿಸಿದ ಹಾಗೆ ಕಂಡಿತು. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎಂದು ಹೇಳುವುದುಂಟೇ? ಯಾರೂ ಹೇಳುವುದಿಲ್ಲ. “ಮರಿ, ಹೋಗ್ಬರ್ತೀನಿ” ಎಂದರು. ತಮ್ಮ ಗುಂಡಿಯಿಂದ ಕೈ ತೆಗೆಯದೆ ಹೂಂ ಎಂದ.

ಅವರು ವಾರ ಕಳೆಯುವುದರೊಳಗೆ ಆಸ್ಪತ್ರೆಯಲ್ಲೇ ತೀರಿಕೊಂಡರು. ಮನೆಗೆ ತಂದು ಜಗಲಿಯ ಮೇಲೆ ಮಲಗಿಸಿದರು. ತಮ್ಮ ಬಂದು ಪಕ್ಕದಲ್ಲಿ ಕೂತು ನೋಡಿದ. ಹೊದಿಸಿದ್ದ ಬಿಳಿ ಬಟ್ಟೆ ಕಾಲಿನ ಹತ್ತಿರ ಸರಿದಿತ್ತು. ಅದನ್ನು ಎಳೆದು, ನಿದ್ದೆ ಮಾಡುವವರಿಗೆ ಮಾಡುವ ಹಾಗೆ, ಸುತ್ತಲೂ ಒತ್ತಿ ಸರಿಮಾಡಿದ. ಅವನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗುವುದು ಬೇಡ, ಹೆದರುತ್ತಾನೆ ಎಂದು ನೆಂಟರು ಹೇಳಿದರು. ಹುಡುಗಿಗೆ ಕರೆದುಕೊಂಡು ಹೋಗಬೇಕೆಂದಿತ್ತು, ಆದರೆ ಆ ಹೊತ್ತಿನಲ್ಲಿ ವಾದ ಮಾಡುವ ಶಕ್ತಿ ಇರಲಿಲ್ಲ. ನನ್ನನ್ನು ಅವನ ಜೊತೆ ಬಿಟ್ಟು ಎಲ್ಲರೂ ಹೋದರು.

ಸಂಜೆ ಅವನು ರೈಲು ಓಡಿಸಿದ. ಊಟ ಮಾಡಿದ. ಮಲಗಿದ. ಒಂದು ತೊಟ್ಟು ಕಣ್ಣೀರಿಲ್ಲ. ಮರುದಿನವೂ ಹಾಗೇ. ಬಂದವರೆಲ್ಲ, ಸದ್ಯ, ಇವನಿಗೆ ದುಃಖ ಇಲ್ಲವಲ್ಲ, ಅದೂ ಒಂದು ಪುಣ್ಯ ಎಂದರು. ಹುಡುಗಿ ಮಾತ್ರ ಅವನನ್ನೇ ನೋಡುತ್ತಿದ್ದಳು. ಸಂಜೆ ರೈಲು ನಿಲ್ಲಿಸಿದ ಮೇಲೆ ಅವನು ಒಂದು ಹೆಗಲನ್ನು ಬಾಗಿಲ ಕಡೆ ಮಾಡಿಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದ. ಅವಳು ನನ್ನನ್ನು ಹೊರಗೆ ಕರೆದು ಹೇಳಿದಳು.

“ಆಂಟಿ, ಅವರು ಕಾಯ್ತಿದಾರೆ. ಹೋಗ್ಬರ್ತೀನಿ ಅಂದ್ರೆ ಬರ್ತಾರೆ ಅಂತ ನಾವೇ ಕಲಿಸಿದ್ವಲ್ಲ.”

ಆ ಮಾತು ಕೇಳಿ ನಾನು ಜಗಲಿಯ ಮೇಲೆ ಕೂತುಬಿಟ್ಟೆ. ತಿಂಗಳುಗಟ್ಟಲೆ ಮೂರು ಜನ ದೊಡ್ಡವರು ಕೂಡಿ ಅವನಿಗೆ ಅಭ್ಯಾಸ ಮಾಡಿಸಿದ್ದೆವು. ಅಣ್ಣ ಇಲ್ಲದೆ ಇರುವುದನ್ನು ಕಲಿಸುತ್ತಿದ್ದೇವೆ ಎಂದುಕೊಂಡಿದ್ದೆವು. ಅವನು ಕಲಿತದ್ದು ಬೇರೆ. ಅಣ್ಣ ಎಲ್ಲಿಗೆ ಹೋದರೂ ಎಷ್ಟು ಹೊತ್ತಾದರೂ ವಾಪಸ್ಸು ಬರುತ್ತಾನೆ ಎಂಬುದನ್ನು ಕಲಿತಿದ್ದ. ಅದಕ್ಕೇ ಅವನಿಗೆ ಗಾಬರಿಯಿರಲಿಲ್ಲ.

ಹುಡುಗಿ ಅವನಿಗೆ ಹೇಳಿ ನೋಡಿದಳು. ಅಣ್ಣ ಸತ್ತುಹೋದರು ಮಾವ, ಅಮ್ಮನ ಹಾಗೆ, ಇನ್ನು ಬರೋದಿಲ್ಲ ಎಂದಳು. ಅವನು ಹೂಂ ಎಂದ. ಸಂಜೆಯಾದರೆ ಮತ್ತೆ ಬಾಗಿಲ ಕಡೆ ಹೆಗಲು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅವನನ್ನೂ ರೈಲನ್ನೂ ಬಸವನಗುಡಿಯ ಅವಳ ಮನೆಗೆ ಕರೆತಂದೆವು. ನೆಲಮಹಡಿಯ ಫ್ಲಾಟು, ಎದುರಿಗೆ ಸಣ್ಣ ಅಂಗಳ, ಕಬ್ಬಿಣದ ಗೇಟು. ನಾನು ವೈರುಗಳನ್ನು ಜೋಡಿಸಿಕೊಟ್ಟೆ. ಹೊಸ ಜಾಗಕ್ಕೆ ಅವನು ನಾವು ಹೆದರಿದಷ್ಟು ಗಲಾಟೆ ಮಾಡಲಿಲ್ಲ. ಆದರೆ ರೈಲು ಓಡಿಸಿ, ಉಂಡ ಮೇಲೆ ಗೇಟಿನ ಹತ್ತಿರ ಹೋಗಿ ನಿಲ್ಲತೊಡಗಿದ. ಗೇಟಿನ ಸರಳು ಹಿಡಿದು, ಆಟೋ ಬಂದು ನಿಂತಾಗಲೆಲ್ಲ ಬಗ್ಗಿ ನೋಡುತ್ತಿದ್ದ. ಮಳೆ ಬಂದರೆ ಛತ್ರಿ ಹಿಡಿದು ನಿಲ್ಲುತ್ತಿದ್ದ. ಒಳಗೆ ಬನ್ನಿ ಎಂದು ಹುಡುಗಿ ಕೈ ಹಿಡಿದರೆ ಬರುತ್ತಿದ್ದ. ಮರುದಿನ ಮತ್ತೆ ಹೋಗುತ್ತಿದ್ದ.

ಮಲ್ಲೇಶ್ವರದ ಮನೆಯನ್ನು ಬಿಟ್ಟುಕೊಡುವ ದಿನ ಬಂತು. ಉಳಿದ ಸಾಮಾನು ತೆಗೆಯಬೇಕಿತ್ತು. ಅವನನ್ನು ಕರೆದುಕೊಂಡು ಹೋಗೋಣವೇ ಬೇಡವೇ ಎಂದು ನಾನು ಅಳೆದು ಸುರಿದು ಯೋಚಿಸುತ್ತಿದ್ದಾಗ ಹುಡುಗಿ ಗಟ್ಟಿಯಾಗಿ ಹೇಳಿದಳು, ಸ್ಮಶಾನಕ್ಕೆ ಬೇಡ ಎಂದವರ ಮಾತು ಕೇಳಿದ್ದು ಸಾಕು, ಇದನ್ನಾದರೂ ಮಾವ ನೋಡಲಿ. ಹೊರಡುವಾಗ ಅವನು ತಾನೇ ಚಪ್ಪಲಿ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಆಟೋದಲ್ಲಿ ಕೂತ.

ಮನೆಯ ಬಾಗಿಲು ತೆಗೆದ ಕೂಡಲೇ ಒಳಗೆ ನುಗ್ಗಿದ. ಮಂಚ ಹೋಗಿತ್ತು, ಬೀರು ಹೋಗಿತ್ತು. ಗೋಡೆಯ ಮೇಲೆ ಅವುಗಳ ಬಿಳಿಯ ಗುರುತು ಮಾತ್ರ ಇತ್ತು. ಅವನು ಮೊದಲು ಅಣ್ಣ ಮಲಗುತ್ತಿದ್ದ ಕೋಣೆ ನೋಡಿದ. ಬಾಗಿಲ ಹಿಂದೆ ನೋಡಿದ. ಅಡುಗೆಮನೆಗೆ ಹೋಗಿ ಕಟ್ಟೆಯ ಕೆಳಗೆ ಬಗ್ಗಿದ. ಬಚ್ಚಲುಮನೆಯ ಬಾಗಿಲು ತಳ್ಳಿ, ದೀಪ ಹಾಕಿ, ಸ್ವಲ್ಪ ಹೊತ್ತು ನಿಂತ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೋಡಿದ. ಆಮೇಲೆ ಮತ್ತೆ ಮೊದಲಿನಿಂದ. ನಾವಿಬ್ಬರೂ ತಡೆಯಲಿಲ್ಲ. ಅವನ ಹಿಂದೆ ಹಿಂದೆ ಹೋಗಲೂ ಇಲ್ಲ. ಬರಿಗೋಡೆಯ ಮನೆಯಲ್ಲಿ ಅವನ ಹೆಜ್ಜೆಯ ಸದ್ದು ಬಹಳ ದೊಡ್ಡದಾಗಿ ಕೇಳುತ್ತಿತ್ತು.

ಎರಡನೆಯ ಸಲ ಎಲ್ಲ ನೋಡಿಕೊಂಡು ಬಂದು ಜಗಲಿಯ ಮೇಲೆ, ಅಣ್ಣನನ್ನು ಮಲಗಿಸಿದ್ದ ಜಾಗದಲ್ಲೇ ಕೂತ. ಕಲ್ಲಿನ ಮೇಲೆ ಅಂಗೈ ಇಟ್ಟ. ಆಮೇಲೆ ಅಳತೊಡಗಿದ. ದೊಡ್ಡ ಗಂಡಸಿನ ಧ್ವನಿ, ಚಿಕ್ಕವರ ಅಳು. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಹುಡುಗಿ ಅವನ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟಳು. ಸುಮ್ಮನಿರಿ, ಅಳಬೇಡಿ ಎನ್ನಲಿಲ್ಲ. ಅವಳೂ ಅತ್ತಳು. ಸಾಮಾನು ಸಾಗಿಸುವವರು ಬಂದು ಗೇಟಿನ ಹತ್ತಿರ ನಿಂತಿದ್ದರು. ನಾನು ಹೋಗಿ ಸ್ವಲ್ಪ ತಡೆಯಿರಿ ಎಂದೆ. ಅವರು ಒಳಗೆ ನೋಡಿ, ಏನೂ ಕೇಳದೆ, ಗಾಡಿಯ ಹತ್ತಿರ ಹೋಗಿ ಕೂತರು.

ಬಸವನಗುಡಿಗೆ ವಾಪಸ್ಸು ಬಂದಾಗ ಅವನು ಅಂಗಳದಲ್ಲಿ ನಿಲ್ಲಲಿಲ್ಲ. ನೇರವಾಗಿ ಒಳಗೆ ಹೋಗಿ ಮಲಗಿಬಿಟ್ಟ. ಅಂದು ರೈಲು ಓಡಿಸಲಿಲ್ಲ, ಮರುದಿನವೂ ಇಲ್ಲ. ಮೊದಲಾಗಿದ್ದರೆ ನಾವು ಹೆದರುತ್ತಿದ್ದೆವು. ಈಗ ಹುಡುಗಿ ಮೊಸರನ್ನ ಕಲಸಿ ಕೈತುತ್ತು ಕೊಟ್ಟಳು. ತಿಂದ. ಕೆಲವು ದಿನ ಹಾಗೇ ನಡೆಯಿತು. ಅಣ್ಣ ಎಂದು ಒಮ್ಮೊಮ್ಮೆ ಹೇಳಿ ಅಳುತ್ತಿದ್ದ. ಅಳು ನಿಂತ ಮೇಲೆ ಅವಳ ಹಿಂದೆ ಹಿಂದೆ ಅಡುಗೆಮನೆಗೆ ಹೋಗಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂರುತ್ತಿದ್ದ.

ಈಗ ಅವನು ಅಲ್ಲೇ ಇದ್ದಾನೆ. ಬೆಳಗ್ಗೆ ಹುಡುಗಿಯ ಗಂಡನ ಜೊತೆ ಬ್ಯೂಗಲ್ ರಾಕ್ ಉದ್ಯಾನದವರೆಗೆ ನಡೆದು ಬರುತ್ತಾನೆ. ಮನಸ್ಸು ಬಂದ ಸಂಜೆ ರೈಲು ಓಡಿಸುತ್ತಾನೆ, ಬಾರದ ಸಂಜೆ ಅದನ್ನು ಮುಟ್ಟುವುದಿಲ್ಲ. ಎರಡರಲ್ಲಿ ಯಾವುದಾದರೂ ಊಟವಂತೂ ಮಾಡುತ್ತಾನೆ. ನಾನು ಭಾನುವಾರಗಳಲ್ಲಿ ಹೋಗಿ ಹಳಿ ಒರೆಸಿ ಬರುತ್ತೇನೆ. ನನ್ನ ಕೋಣೆಯ ಕಪಾಟಿನಲ್ಲಿ ಈಗ ಟಕ್ ಎನ್ನುವ ಹೆಚ್ಚಿಗೆ ಕಂಟ್ರೋಲರ್ ಇಲ್ಲ. ಹುಡುಕುತ್ತಲೂ ಇಲ್ಲ. ಹೋದ ಭಾನುವಾರ ನಾನು ಬರುವುದರೊಳಗೆ ಅವನು ಆಗಲೇ ಬಟ್ಟೆಗೆ ಸ್ಪಿರಿಟ್ ಹಾಕಿಕೊಂಡು ಹಳಿ ಒರೆಸಲು ಶುರುಮಾಡಿದ್ದ. ಒಂದು ಕಡೆಯಿಂದ ಅವನು, ಇನ್ನೊಂದು ಕಡೆಯಿಂದ ನಾನು ಒರೆಸುತ್ತ ಬಂದೆವು. ಕೆಲಸ ಬೇಗ ಮುಗಿಯಿತು. ಹುಡುಗಿ ಕಾಫಿ ತಂದಳು, ಮೂವರೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಡಿದೆವು.